ಭೂಮಿ ಒಳಕ್ಕೆ ಹೋದ ಚಿಕ್ಕಜ್ಜ

ಎಲ್ರಿಗೂ ನಮಸ್ಕಾರ. ನಮ್ಮ ವಿಜಯನಗರದ ಮನೇಲಿ ಮಿಕ್ಸಿ, ಗ್ರೈಂಡರ್, ಇಂಡಕ್ಷನ್ ಸ್ಟವ್ ಎಲ್ಲಾ ಇದೆ, ಆದ್ರೂ ಅಮ್ಮ ಅಕ್ಕಿ ಅಳೆಯೋದು ಮಾತ್ರ ಹಳೇ ಹಿತ್ತಾಳೆ ಪಾವಲ್ಲೇ, ಅದೂ ಮೊದಲ್ನೇ ಪಾವಿಗೆ ಒಂದು ಅನ್ನಲ್ಲ, "ಲಾಭ" ಅಂತಾರೆ, ಆಮೇಲೇ ಎರಡು, ಮೂರು. ಇದು ಅಮ್ಮಂಗೆ ಅವರತ್ತೆಯಿಂದ, ಅಂದ್ರೆ ನಮ್ಮಜ್ಜಿಯಿಂದ ಬಂದಿದ್ದು, ಅಜ್ಜಿಗೆ ಮಾಗಡಿ ಕಡೆ ನಮ್ಮೂರ ಕಣದಿಂದ ಬಂದಿದ್ದು. 4 ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ, ಇದೆಲ್ಲ ನಮಗೆ ಮಗ್ಗಿಗಿಂತ ಮುಂಚೆ ಬಾಯಿಗೆ ಬಂದಿತ್ತು.

ಅಜ್ಜಿ ಕಥೆ ಅಂದ್ರೆ ರಾಜ ರಾಣಿ ಅಲ್ಲ ಸ್ವಾಮಿ, ಬರೀ ರಾಗಿ. ರಾಗಿ ಕುಯ್ದಿದ್ದು, ಮೆದೆ ಹಾಕಿದ್ದು, ಕಣದಲ್ಲಿ ಗುಂಡು ಹೊಡ್ದಿದ್ದು, ತೂರಿದ್ದು. ಅದರಲ್ಲಿ ನಮಗೆ ಇಷ್ಟವಾಗ್ತಿದ್ದಿದ್ದು ಹಗೇವಿನ ಕಥೆ. ಈಗಿನ ಮಕ್ಕಳಿಗೆ ಹಗೇವು ಅಂದ್ರೆ ಗೊತ್ತಾಗಲ್ಲ, ಗಟ್ಟಿ ನೆಲ ನೋಡಿ ತೋಡಿದ ಗುಂಡಿ ಅದು, ಬಾಯಿ ಒಬ್ಬ ಮನುಷ್ಯ ಇಳಿಯೋವಷ್ಟೇ ಕಿರಿದು, ಒಳಗೆ ಗಡಿಗೆ ಹಂಗೆ ಅಗಲ, ಸುತ್ತ ಹುಲ್ಲು ಹೊದ್ಸಿ ರಾಗಿ ತುಂಬಿ ಮೇಲೆ ಚಪ್ಪಡಿ ಎಳ್ದು ಮಣ್ಣು ಮೆತ್ತಿದ್ರೆ ಮುಗೀತು, ವರ್ಷಗಟ್ಲೆ ಹುಳ ಮುಟ್ಟಲ್ಲ. ಅಜ್ಜಿಯ ಅಜ್ಜಿ ಧಾತು ಈಶ್ವರ ಸಂವತ್ಸರದ ಬರ ಕಂಡೋರಂತೆ, 1876ರಿಂದ 78ರದ್ದು. 1871ರ ಜನಗಣತಿಲಿ ಮೈಸೂರು ಸೀಮೆ ಜನ 50 ಲಕ್ಷ ಇದ್ದಿದ್ದು 1881ಕ್ಕೆ 42 ಲಕ್ಷದ ಹತ್ರಕ್ಕೆ ಇಳಿದಿತ್ತು. ಅಜ್ಜಿಗೆ ಈ ಲೆಕ್ಕ ಎಲ್ಲ ಗೊತ್ತಿಲ್ಲ. "ಹಗೇವು ಇದ್ದೋರು ಉಳ್ಕಂಡ್ರು ಕಣ್ಲಾ, ಇಲ್ದೋರು ಹೊಂಟೋದ್ರು" ಅಂತ ಎರಡೇ ಮಾತಲ್ಲಿ ಮುಗಿಸ್ಬಿಡೋರು.

ಆದ್ರೆ ಹಗೇವು ತೆಗೆಯೋದನ್ನ ಹೇಳೋವಾಗ ಮಾತ್ರ ಅವಸರನೇ ಇಲ್ಲ. ಚಪ್ಪಡಿ ಸರಿಸಿದ ತಕ್ಷಣ ಯಾರೂ ಇಳಿಯಂಗಿಲ್ಲ, ಗಾಳಿ ಆಡೋಕೆ ಬಿಡ್ಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸ್ಬೇಕು. ಅಜ್ಜಿ ನಮ್ಮ ಸೋಫಾ ಮೇಲೆ ಕೂತ್ಕೊಂಡೇ ಹೆಬ್ಬೆರಳು ತೋರುಬೆರಳು ಸೇರಿಸಿ ಇಲ್ಲದ ಹಗ್ಗನ ಮೆಲ್ಲಗೆ ಬಿಡೋರು, ನಾವು ನಾಲ್ಕು ಜನ ಮಕ್ಕಳು ಮೊಸಾಯಿಕ್ ನೆಲ ನೋಡ್ತಾ ಉಸಿರು ಹಿಡ್ಕೊಂಡು ಕೂತಿರ್ತಿದ್ವಿ, ಅಲ್ಲೇ ಎಲ್ಲೋ ದೀಪ ಕಾಣುತ್ತೆ ಅನ್ನೋ ಹಂಗೆ. "ಆರೋಯ್ತು" ಅನ್ನೋರು. ಆರಿದ್ರೆ ಇನ್ನೂ ಕಾಯ್ಬೇಕು. ಮುಚ್ಚಿದ ಕಾಳು ಒಳಗೇ ಉಸಿರಾಡಿ ಆಮ್ಲಜನಕ ಎಲ್ಲಾ ಖಾಲಿ ಮಾಡಿರುತ್ತೆ, ಇಂಗಾಲದ ಡೈಆಕ್ಸೈಡ್ ಭಾರ, ತಳದಲ್ಲೇ ಕೂತಿರುತ್ತೆ, ಇದನ್ನ ನಾನು ಸ್ಕೂಲಲ್ಲಿ ಓದಿದ್ದು ಎಷ್ಟೋ ವರ್ಷ ಆದ್ಮೇಲೆ.

ಇನ್ನು ಚಿಕ್ಕಜ್ಜನ ವಿಷ್ಯ. ಅಜ್ಜನ ತಮ್ಮ, ಅಜ್ಜಿಗೆ ಮೈದುನ. ಅಜ್ಜಿ ಮದುವೆಯಾಗಿ ಬಂದಾಗ ಇನ್ನೂ ಚಿಕ್ಕೋರು, ಇಬ್ರಿಗೂ ಹೆಚ್ಚೂಕಮ್ಮಿ ಒಂದೇ ವಯಸ್ಸು, ಜಗಲಿ ಮೇಲೆ ಹುಣಸೆಬೀಜ ಹಾಕಿ ಚೌಕಾಬಾರ ಆಡೋರಂತೆ, ಅವನು ಬೀಜ ಕದೀತಿದ್ನಂತೆ. ಆಮೇಲೆ ಏನಾದ ಅಜ್ಜಿ ಅಂದ್ರೆ "ಭೂಮಿ ಒಳಿಕ್ಕೋದ" ಅನ್ನೋರು, ಅಷ್ಟೇ, ಎದ್ದು ಎಲೆಅಡಿಕೆ ಚೀಲ ಹುಡುಕೋಕೆ ಹೋಗೋರು. ನಾವು ಇದನ್ನ ಕೆಜಿಎಫ್ ಅಂದ್ಕೊಂಡ್ವಿ. ಆಗ ಕೋಲಾರದ ಗಣಿ ಇನ್ನೂ ನಡೀತಿತ್ತಲ್ಲ, 2001ರಲ್ಲಿ ಮುಚ್ಚಿದ್ದು. ಸ್ಕೂಲಲ್ಲಿ ನಾನು ನಮ್ಮ ಚಿಕ್ಕಜ್ಜ ಚಿನ್ನ ಅಗೀತಾರೆ ಅಂತ ಎಷ್ಟು ಬುರುಡೆ ಬಿಟ್ಟಿದೀನಿ ಅಂದ್ರೆ ಒಬ್ಬ ಹುಡುಗ ಒಂದು ಉಂಗುರ ತರ್ಸಿಕೊಡು ಅಂತ ಬಳಪ ಎಲ್ಲ ಕೊಟ್ಟಿದ್ದ.

ಅಜ್ಜಿ ತೀರ್ಕೊಂಡ ಮೇಲೆ, ಹನ್ನೊಂದನೇ ದಿನದ ಊಟ ಆಗಿ ಎಲ್ರೂ ಕೂತಿದ್ದಾಗ ದೊಡ್ಡಪ್ಪ ಬಾಯಿಬಿಟ್ರು. ಹಬ್ಬದ ಹಿಂದಿನ ದಿನ, ಮನೇಲಿ ಹಿಟ್ಟಿಗೆ ರಾಗಿ ಇಲ್ಲ, ಬೀಸೋಕೆ ಬೇಗ ಬೇಕು ಅಂತ ಹಗೇವಿನ ಬಾಯಿ ತೆಗೆದ್ರಂತೆ, ದೀಪ ತರೋಕೆ ಒಬ್ರು ಮನೆ ಒಳಗೆ ಹೋದ್ರು, ಅಷ್ಟರಲ್ಲಿ ಇವನು ಇಳಿದ್ಬಿಟ್ಟ. ದೀಪ ತರೋಕೆ ಹೋಗಿದ್ದು ಅಜ್ಜಿ.

ಮೊನ್ನೆ ನಮ್ಮ ಬಿಲ್ಡಿಂಗ್ ಸಂಪ್ ಕ್ಲೀನ್ ಮಾಡೋಕೆ ಇಬ್ರು ಹುಡುಗ್ರು ಬಂದಿದ್ರು. ಬಹಳ ದಿನದಿಂದ ಮುಚ್ಚಿದ್ದ ಸಂಪ್. ಒಬ್ಬ ಪ್ಯಾಂಟ್ ಮಡಿಸಿ ಇಳಿಯೋಕೆ ಕಾಲು ಇಡೋಷ್ಟರಲ್ಲಿ ನಮ್ಮಮ್ಮ ಮೇಲಿಂದ ಬರಿಗಾಲಲ್ಲಿ ಓಡಿಬಂದು ಅವನ ತೋಳು ಹಿಡ್ಕೊಂಡ್ರು. "ಇಳೀಬೇಡಪ್ಪ, ಗಾಳಿ ಆಡ್ಲಿ, ಕಾಫಿ ಕುಡೀರಿ ಮೊದ್ಲು." ನೀರಿನ ಸಂಪ್ ಅಲ್ವಾ ಆಂಟಿ, ಏನಾಗುತ್ತೆ ಅಂತ ಅವನು ನಕ್ಕ. ಅಮ್ಮ ಕೈ ಬಿಡ್ಲಿಲ್ಲ. ಮುಚ್ಚಳ ಪೂರ್ತಿ ತೆಗೆಸಿ, ಮನೆಯಿಂದ ಟೇಬಲ್ ಫ್ಯಾನ್ ತರಿಸಿ ಬಾಯಿಗೆ ತಿರುಗಿಸಿ ಇಡಿಸಿದ್ರು, ಕಾಫಿ ಆಯ್ತು, ಬಿಸ್ಕತ್ತೂ ಆಯ್ತು, ಹುಡುಗ್ರು ಮೊಬೈಲ್ ನೋಡ್ತಾ ಮೆಟ್ಟಿಲ ಮೇಲೆ ಕೂತಿದ್ರು, ಅಮ್ಮ ಮಾತ್ರ ಒಂದು ಗಂಟೆ ಸಂಪ್ ಪಕ್ಕದಿಂದ ಏಳಲೇ ಇಲ್ಲ.