ತೀರ್ಮಾನ ನಿಮ್ಮ ಕೈಯಲ್ಲೇ

ಮುಂಬೈ ಕಡೆಯ ಕೇಳುಗರಿಗೆಲ್ಲ ನಮಸ್ಕಾರ. ಮಾಟುಂಗಾದ ಹೋಟೆಲಿನವರು, ಡೊಂಬಿವಲಿಯ ಸೊಸೈಟಿಗಳಲ್ಲಿ ಇರುವವರು, ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟವರು, ಇವತ್ತು ಮಾತು ನಿಮ್ಮ ಜೊತೆಗೇ. ಜಗಳ ಬಂದ ತಕ್ಷಣ ‘ಕೋರ್ಟಲ್ಲೇ ನೋಡ್ಕೋತೀನಿ’ ಅನ್ನುತ್ತೀರಿ. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಇನ್ನೊಂದು ದಾರಿ ಇದೆ. ಕಾನೂನಿನಲ್ಲೇ ಇದೆ. ಅದೇ ಸಂಧಾನ.

ಇಬ್ಬರ ನಡುವೆ ಕೂತು ಮಾತಾಡಿಸುವವರು ಸಂಧಾನಕಾರರು, ನನ್ನ ಕೆಲಸವೂ ಅದೇ. ಅವರು ತೀರ್ಪು ಕೊಡುವುದಿಲ್ಲ. ಸಲಹೆ ಕೊಡುತ್ತಾರೆ, ಅಷ್ಟೇ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ತೀರ್ಮಾನ ನಿಮ್ಮ ಕೈಯಲ್ಲೇ. ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಒಂದು ಸಂಗತಿ ಹೇಳುತ್ತೇನೆ. ಸಂಧಾನದ ಮಾತು ಗುಟ್ಟಾಗಿರಬೇಕು, ಹಾಗಾಗಿ ಇಬ್ಬರನ್ನೂ ಕೇಳಿಕೊಂಡೇ, ಹೆಸರು ಬಿಟ್ಟು ಹೇಳುತ್ತಿದ್ದೇನೆ. ಮಾವ, ಅಳಿಯ ಸೇರಿ ನಡೆಸುತ್ತಿದ್ದ ಹೋಟೆಲು. ಲೆಕ್ಕದ ಜಗಳ, ಎರಡು ವರ್ಷದಿಂದ ಮಾತಿಲ್ಲ. ನನ್ನೆದುರು ಕೂತಾಗ ಒಬ್ಬರು ಕಿಟಕಿ ನೋಡುತ್ತಿದ್ದರು, ಇನ್ನೊಬ್ಬರು ಮೊಬೈಲ್. ತರಿಸಿದ ಚಹಾ ಆರಿಹೋಯಿತು. ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದೆ, ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಮಾವನವರು ಅಂಗಿಯ ಜೇಬಿನಿಂದ ಒಂದು ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಗಲ್ಲಾಪೆಟ್ಟಿಗೆಯ ಹಳೇ ಕೀಲಿ.

“ಬೀಗವನ್ನೇ ಬದಲಿಸಿದ ಮಾರಾಯ್ರೆ. ಮೂವತ್ತು ವರ್ಷ ಬೆಳಿಗ್ಗೆ ಐದಕ್ಕೆ ದೀಪ ಹಚ್ಚಿ ಗಲ್ಲಾ ತೆಗೆದವ ನಾನು. ನನಗೊಂದು ಮಾತು ಹೇಳಲಿಲ್ಲ.”

ಅವರನ್ನು ಕೇಳಿಯೇ ಇದನ್ನು ಅಳಿಯನಿಗೆ ತಿಳಿಸಿದೆ. ಅವನು ತುಸು ಹೊತ್ತು ಸುಮ್ಮನಿದ್ದ. “ಬೀಗ ಕೆಟ್ಟಿತ್ತು. ಮಾವ ಊರಿಗೆ ಹೋಗಿದ್ದರು. ಬಂದವರು ಮಾತೇ ಆಡಲಿಲ್ಲ” ಅಂದ. ಇದನ್ನು ಯಾವ ದಾವೆಯಲ್ಲಿ ಬರೆಯುತ್ತೀರಿ, ಹೇಳಿ? ಮುಂದಿನ ಸಲ ಬರುವಾಗ ಹೊಸ ಬೀಗದ ಎರಡನೇ ಕೀಲಿ ತಂದಿದ್ದ. ಲೆಕ್ಕ ಮುಗಿಯಲು ಇನ್ನೂ ಮೂರು ಸಲ ಕೂರಬೇಕಾಯಿತು. ಆದರೆ ಕೂತರು! ಬೆಳಗಿನ ಗಲ್ಲಾ ಮಾವನದು ಅಂತ ಒಪ್ಪಂದದಲ್ಲೇ ಬರೆದೆವು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಇದಕ್ಕೆ 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆ ಇದೆ, ಕನ್ಸಿಲಿಯೇಷನ್ ಅಂದರೆ ಇದೇ ಸಂಧಾನ. ಎದುರಿನವರಿಗೆ ಬರವಣಿಗೆಯಲ್ಲಿ ಕರೆ ಕಳಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅವರಿಗೆ ಮನಸ್ಸಿಲ್ಲ ಅಂದುಕೊಳ್ಳಬಹುದು. ಸಂಧಾನದ ಮಾತುಕತೆಯಲ್ಲಿ ನೀವು ಒಪ್ಪಿಕೊಂಡ ತಪ್ಪನ್ನು ನಾಳೆ ಕೋರ್ಟಿನಲ್ಲಿ ನಿಮ್ಮ ಮೇಲೆ ಸಾಕ್ಷಿಯಾಗಿ ತರುವಂತಿಲ್ಲ, ಹಾಗಾಗಿ ಮನಸ್ಸು ಬಿಚ್ಚಿ ಮಾತಾಡಿ. ಇಬ್ಬರೂ ಸಹಿ ಹಾಕಿದ ಒಪ್ಪಂದಕ್ಕೆ ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ತೀರ್ಪು ಕೊಡುವ ಮಧ್ಯಸ್ಥಗಾರರ, ತೀರ್ಪಿನಷ್ಟೇ ಬಲ. ‘ಸುಮ್ನೆ ಒಂದು ಕಾಗದ ಅಲ್ವಾ’ ಅಂತ ಎಷ್ಟು ಜನ ಕೇಳುತ್ತಾರೆ! ಅಲ್ಲ ಸ್ವಾಮಿ, ಅಲ್ಲ. ಸಹಿ ಹಾಕುವವರೆಗೆ ತೀರ್ಮಾನ ನಿಮ್ಮ ಕೈಯಲ್ಲಿ, ಹಾಕಿದ ಮೇಲೆ ಇಬ್ಬರೂ ಅದಕ್ಕೆ ಬದ್ಧರು.

ವಕೀಲರ ನೋಟೀಸು ಆಗಲೇ ಮನೆಗೆ ಬಂದಿದ್ದರೂ ಪರವಾಗಿಲ್ಲ. ಉತ್ತರ ಬರೆಯುವಾಗ ‘ಸಂಧಾನಕ್ಕೆ ಸಿದ್ಧ’ ಅಂತ ಒಂದು ಸಾಲು ಸೇರಿಸಲು ನಿಮ್ಮ ವಕೀಲರಿಗೆ ಹೇಳಿ. ನಮಸ್ಕಾರ.