ಹತ್ತು ಮಕ್ಕಳಿದ್ದರೂ ವಾರಸುದಾರರಿಲ್ಲ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ದೊರೆ ನಾಲ್ಕನೇ ವಿಲಿಯಂ 1837ರಲ್ಲಿ ತೀರಿಕೊಂಡಾಗ ಸಿಂಹಾಸನ ಹೋಗಿದ್ದು ತಮ್ಮನ ಮಗಳು ವಿಕ್ಟೋರಿಯಾಗೆ. ಹಾಗಾದರೆ ದೊರೆಗೆ ಮಕ್ಕಳೇ ಇರಲಿಲ್ವಾ? ಇದ್ದರು. ಒಬ್ಬಳೇ ತಾಯಿಯಲ್ಲಿ ಹತ್ತು ಮಕ್ಕಳು ಹುಟ್ಟಿದ್ದರು. ಆದರೆ ಆ ತಾಯಿಯ ಜೊತೆ ಮದುವೆ ಆಗಿರಲಿಲ್ಲ.

ಆಕೆ ಡೊರೊಥಿಯಾ ಜೋರ್ಡನ್. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜನರನ್ನು ನಗಿಸುವುದಕ್ಕೇ ಹೆಸರಾದ ನಟಿ. ರಾಜಮನೆತನದವರು ದೊರೆಯ ಒಪ್ಪಿಗೆ ಇಲ್ಲದೆ ಮದುವೆಯಾದರೆ ಅದು ಸಿಂಧುವಾಗದು ಎಂದು 1772ರ ಕಾನೂನು ಹೇಳುತ್ತಿತ್ತು. ನಟಿಗೆ ಆ ಒಪ್ಪಿಗೆ ಎಲ್ಲಿ ಸಿಗಬೇಕು? ಆದರೂ ಆಗಿನ್ನೂ ರಾಜಕುಮಾರನಾಗಿದ್ದ ವಿಲಿಯಂ ಮತ್ತು ಆಕೆ 1791ರಿಂದ ಇಪ್ಪತ್ತು ವರ್ಷ ಸಂಸಾರ ಮಾಡಿದರು. ಆಕೆ ಹೆರುತ್ತಾ, ಊರೂರು ಸುತ್ತಿ ನಟಿಸುತ್ತಾ ಮನೆಗೂ ದುಡಿದಳು.

1811ರಲ್ಲಿ ಚೆಲ್ಟನ್‌ಹ್ಯಾಮ್ ಊರಲ್ಲಿ ನಾಟಕಕ್ಕೆ ನಿಂತಿದ್ದಾಗ ವಿಲಿಯಂನ ಕಾಗದ ಬಂತು. ಬೇರೆಯಾಗೋಣ ಎಂಬ ಕಾಗದ. ಸಾಲದಲ್ಲಿ ಮುಳುಗಿದ್ದ ಆತನಿಗೆ ಹಣವಂತ ಹೆಂಡತಿ ಬೇಕಿತ್ತು. ಆ ರಾತ್ರಿಯೂ ಆಕೆ ವೇದಿಕೆ ಹತ್ತಿದಳು. ನಗಬೇಕಾದ ಜಾಗದಲ್ಲಿ ಅಳು ಉಕ್ಕಿ ಬಂತು. ಜೊತೆಗಿದ್ದ ನಟ ಥಟ್ಟನೆ ಮಾತು ಬದಲಿಸಿ, ನಾಟಕದೊಳಗಿನ ಮಾಟಗಾರ ಇವಳಿಗೆ ಕುಡಿಸಿದ್ದೂ ಅಲ್ಲದೆ ಅಳುವ ಹಾಗೂ ಮಾಡಿದ್ದಾನೆ ಎಂದು ಸಂಭಾಳಿಸಿದನಂತೆ.

ಜೀವನಾಂಶವೇನೋ ನಿಗದಿಯಾಯಿತು. ಆದರೆ ಮತ್ತೆ ರಂಗಕ್ಕೆ ಹೋದರೆ ಹೆಣ್ಣುಮಕ್ಕಳು ಕೈತಪ್ಪುತ್ತಾರೆ ಎಂಬ ಷರತ್ತು ಬೇರೆ. ಅಷ್ಟು ವರ್ಷ ಆಕೆಯ ದುಡಿಮೆ ಉಂಡ ಮನೆಯವರಿಗೆ ಈ ಷರತ್ತು ಹಾಕಲು ಹೇಗೆ ಮನಸ್ಸು ಬಂತೋ! ಖರ್ಚು ತೂಗಿಸಲಾಗದೆ ಆಕೆ ನಟಿಸಿದಳು, ಮಕ್ಕಳನ್ನು ಕಳೆದುಕೊಂಡಳು. ಮೊದಲಿನ ಸಂಬಂಧದ ಮಗಳೊಬ್ಬಳ ಗಂಡ ಮಾಡಿದ ಸಾಲವೂ ತಲೆಗೆ ಬಂತು. ಫ್ರಾನ್ಸಿಗೆ ಓಡಿಹೋಗಿ, 1816ರಲ್ಲಿ ಸೇಂಟ್ ಕ್ಲೂನಲ್ಲಿ ಬಡತನದಲ್ಲೇ ಸತ್ತಳು.

1830ರಲ್ಲಿ ದೊರೆಯಾದ ವಿಲಿಯಂ, ಶಿಲ್ಪಿ ಚಾಂಟ್ರಿ ಕೈಯಲ್ಲಿ ಆಕೆಯ ಅಮೃತಶಿಲೆಯ ವಿಗ್ರಹ ಮಾಡಿಸಿದ. ಹಿರಿಯ ಮಗ ಜಾರ್ಜ್‌ನನ್ನು ಮನ್‌ಸ್ಟರ್‌ನ ಅರ್ಲ್, ಅಂದರೆ ದೊಡ್ಡ ಸರದಾರ, ಮಾಡಿದ. ವಿಲಿಯಂ ಆಮೇಲೆ ಮದುವೆಯಾದ ರಾಣಿ ಅಡಿಲೇಡಳ ಇಬ್ಬರು ಹೆಣ್ಣುಕೂಸುಗಳೂ ಉಳಿದಿರಲಿಲ್ಲ. ಆಕೆ ಫಿಟ್ಸ್‌ಕ್ಲಾರೆನ್ಸ್ ಎಂಬ ಮನೆಹೆಸರಿನ ಜೋರ್ಡನ್‌ಳ ಈ ಮಕ್ಕಳನ್ನು ಅಕ್ಕರೆಯಿಂದಲೇ ಕಂಡಳು.

ತಂದೆ ತಾಯಿ ಬೇರೆಯಾದಾಗ ಕಿರಿಯವಳು ಅಮೇಲಿಯಾಗೆ ಬರೀ ನಾಲ್ಕು ವರ್ಷ. ಮುಂದೆ ಆಕೆಯ ಗಂಡ ಲಾರ್ಡ್ ಫಾಕ್‌ಲೆಂಡ್ 1848ರಿಂದ 1853ರವರೆಗೆ ಬಾಂಬೆ ಗವರ್ನರ್ ಆಗಿದ್ದ. ನಮ್ಮ ಧಾರವಾಡ, ಬೆಳಗಾವಿಗಳು ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವು. ಅಮೇಲಿಯಾಳ ಅಣ್ಣ ಫ್ರೆಡ್ರಿಕ್ ಬಾಂಬೆ ಸೈನ್ಯದ ದಂಡನಾಯಕನಾಗಿದ್ದು, 1854ರಲ್ಲಿ ಪುರಂದರದಲ್ಲಿ ತೀರಿಕೊಂಡ.

ನಮಸ್ಕಾರ.