ಊರೀಯನ ಕೈಯಲ್ಲಿದ್ದ ಕಾಗದ

ಕೇಳುಗರಿಗೆ ನಮಸ್ಕಾರ.

ದಾವೀದ ಅರಸ ತನ್ನ ಸೈನಿಕ ಊರೀಯನ ಕೈಗೆ ಒಂದು ಕಾಗದ ಕೊಟ್ಟು ಸೇನಾಪತಿ ಯೋವಾಬನ ಬಳಿಗೆ ಕಳಿಸುತ್ತಾನೆ. ಊರೀಯನನ್ನೇ ಯುದ್ಧದಲ್ಲಿ ಸಾಯಲು ಬಿಡು ಎಂಬುದು ಅದರ ಒಕ್ಕಣೆ. ಬೈಬಲಿನ ಸಮುವೇಲನ ಎರಡನೆಯ ಗ್ರಂಥದ ಈ ಕತೆ ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಆ ಕಾಗದಕ್ಕೆ ಹೀಬ್ರೂ ಮೂಲದಲ್ಲಿರುವ ಪದ ‘ಸೇಫೆರ್’. ಇಂಥ ಒಂದು ಪದದಿಂದ ಗ್ರಂಥ ಯಾವ ಕಾಲದ್ದೆಂದು ತಿಳಿಯಬಹುದೇ? ಇಂದಿನ ನನ್ನ ಪ್ರಶ್ನೆ ಅದು.

ಕಾಗದಕ್ಕೆ ಬೈಬಲಿನಲ್ಲಿ ಇನ್ನೊಂದು ಪದವೂ ಇದೆ, ‘ಇಗ್ಗೆರೆತ್’. ಅರಮಾಯಿಕ್ ನುಡಿಯಿಂದ ಬಂದದ್ದು. ಕ್ರಿ.ಪೂ. 539ರಲ್ಲಿ ಪರ್ಷಿಯನ್ನರು ಬಾಬಿಲೋನನ್ನು ಗೆದ್ದ ಮೇಲೆ ಅರಮಾಯಿಕ್ ಅವರ ಆಡಳಿತದ ಭಾಷೆಯಾಯಿತು. ಇಗ್ಗೆರೆತ್ ಬರುವುದು ಹತ್ತೇ ಸಲ. ಅಷ್ಟೂ ನೆಹೆಮೀಯ, ಎಸ್ತೇರ, ಎರಡನೆಯ ಪೂರ್ವಕಾಲವೃತ್ತಾಂತ ಈ ಮೂರರಲ್ಲೇ. ಮೂರೂ ಪರ್ಷಿಯನ್ನರ ಕಾಲವನ್ನು ಕಂಡ ಗ್ರಂಥಗಳು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಅವಿ ಹುರ್ವಿಟ್ಜ್ ಹಳೆಯದೊಂದು, ಹೊಸದೊಂದು ಇರುವ ಇಂಥ ಪದಜೋಡಿಗಳ ಬೆನ್ನು ಹತ್ತಿ ದಶಕಗಳನ್ನೇ ಕಳೆದರು.

ಗ್ರಂಥದ ಹೊರಗಿನ ಸಾಕ್ಷಿ ಇನ್ನೂ ಸೊಗಸಾಗಿದೆ. 1935ರಲ್ಲಿ ಯೆಹೂದ ರಾಜ್ಯದ ಹಳೆಯ ಪಟ್ಟಣ ಲಾಕೀಷಿನ ಕೋಟೆ ಬಾಗಿಲ ಬಳಿ ಮಸಿಯಲ್ಲಿ ಬರೆದ ಮಡಕೆ ಚೂರುಗಳು ಸಿಕ್ಕವು. ಕ್ರಿ.ಪೂ. 6ನೇ ಶತಮಾನದ ಆರಂಭದ, ಜೆರುಸಲೇಮ್ ಬೀಳುವ ಹೊತ್ತಿನ ಓಲೆಗಳವು. ಒಂದರಲ್ಲಿ ಒಬ್ಬ ಅಧಿಕಾರಿ ನೊಂದುಕೊಂಡು ಬರೆದಿದ್ದಾನೆ: ನನಗೆ ಓದಲು ಬಾರದೆಂದು ಹೇಳುತ್ತೀರಲ್ಲ, ದೇವರಾಣೆ, ಯಾರೂ ನನಗೆ ಓಲೆ ಓದಿ ಹೇಳಬೇಕಾಗಿ ಬಂದಿಲ್ಲ! ಆ ಓಲೆಗೆ ಅವನ ಮಾತು ಸೇಫೆರ್.

ಸೊಲೊಮೋನ ಅರಸನ ಹೆಸರಿನಲ್ಲಿರುವ ಪರಮಗೀತದಲ್ಲಿ ತೋಟಕ್ಕೆ ‘ಪರ್ದೇಸ್’ ಎಂಬ ಪದವಿದೆ. ಇರಾನಿನ ಕಡೆಯದು; ನಾವು ಕೇಳುವ ಫಿರ್ದೌಸ್ ಎಂಬ ಹೆಸರಿಗೂ ಅದೇ ಬೇರು. ಸೊಲೊಮೋನನ ಕಾಲಕ್ಕೆ ಅದು ಹೀಬ್ರೂವಿಗೆ ಬಂದಿತ್ತೆಂದು ನಂಬುವುದು ಕಷ್ಟ.

ಆದರೆ ಗ್ರಂಥಗಳನ್ನು ಕೈಯಿಂದ ಪ್ರತಿ ಮಾಡಿದವರು ಪದಗಳನ್ನು ತಿದ್ದಿರಬಹುದಲ್ಲ? ಮೃತ ಸಮುದ್ರದ ಬಳಿಯ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಯೆಶಾಯನ ಗ್ರಂಥದ ಸುರುಳಿಯಲ್ಲಿ ಕಾಗುಣಿತವೇ ಬದಲಾಗಿದೆ. ಹಳೆಯ ಶೈಲಿ, ಹೊಸ ಶೈಲಿ ಒಂದೇ ಕಾಲದಲ್ಲಿ ಜೊತೆಗಿದ್ದವೆಂದು ವಿದ್ವಾಂಸ ಇಯಾನ್ ಯಂಗ್ ಮತ್ತು ಸಂಗಡಿಗರು 2008ರಲ್ಲಿ ವಾದಿಸಿದರು. ಅದರಲ್ಲಿ ತೂಕವಿದೆ: ಎಸ್ತೇರಳ ಗ್ರಂಥದಲ್ಲಿ ಇಗ್ಗೆರೆತ್ ಪಕ್ಕದಲ್ಲೇ ಸೇಫೆರ್ ಕೂಡ ಇದೆ. ಹಳೆಯ ಪದವನ್ನು ಯಾರು ಬೇಕಾದರೂ ಉಳಿಸಿಕೊಳ್ಳಬಹುದು.

ಹಾಗಾಗಿ ಊರೀಯನ ಕತೆಯಲ್ಲಿ ಸೇಫೆರ್ ಇದೆಯೆಂಬುದಷ್ಟೇ ನನಗೆ ಸಾಲದು. ಊರೀಯನ ಕಾಗದ, ಈಜೆಬೆಲಳ ಕಾಗದ, ಯೇಹುವಿನ ಕಾಗದ, ಹೀಗೆ ಸಮುವೇಲ ಮತ್ತು ಅರಸುಗಳ ಗ್ರಂಥಗಳ ಉದ್ದಕ್ಕೂ ಕಾಗದಗಳು ಓಡಾಡುತ್ತವೆ. ಇಗ್ಗೆರೆತ್ ಒಮ್ಮೆಯೂ ಇಣುಕುವುದಿಲ್ಲ. ಈ ಗ್ರಂಥಗಳ ಭಾಷೆ ಪರ್ಷಿಯನ್ನರ ಕಾಲಕ್ಕಿಂತ ಹಳೆಯದೆಂದು ನನ್ನನ್ನು ಒಪ್ಪಿಸುವುದು ಈ ಮೌನವೇ.

ನಮಸ್ಕಾರ.